ಗುರುತು ಹೇಳಿದವರಿಗೆ ಮಾತ್ರ

ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಗಳ ಸಾಲು ಮುಗಿದು, ಶೌಚಾಲಯದ ಕಡೆ ಬಾಣ ತಿರುಗುವ ಮೂಲೆಯಲ್ಲಿ ಒಂದು ಕೋಣೆ ಇತ್ತು. ಮೇಲೆ ‘ಕಳೆದುಹೋದ ವಸ್ತುಗಳು’ ಎಂದು ಬೋರ್ಡು. ಬಾಗಿಲು ಅಂದರೆ ಅರ್ಧ ಬಾಗಿಲು; ಅದರ ನೆತ್ತಿಗೆ ಒಂದು ಹಲಗೆ, ಹಲಗೆಯ ಹಿಂದೆ ಎತ್ತರದ ಸ್ಟೂಲು, ಸ್ಟೂಲಿನ ಮೇಲೆ ಗುರುತಮ್ಮ. ಅವಳ ಬೆನ್ನ ಹಿಂದೆ ಸೂರು ಮುಟ್ಟುವ ಕಬ್ಬಿಣದ ಕಪಾಟುಗಳು. ಕೊಡೆಗಳಿಗೆ ಒಂದು ಡ್ರಮ್ಮು, ಕನ್ನಡಕಗಳಿಗೆ ಒಂದು ಟ್ರೇ, ಕೀಗೊಂಚಲುಗಳಿಗೆ ಗೋಡೆಯ ತುಂಬ ಮೊಳೆಗಳು. ಒಂದು ಮೂಲೆಯಲ್ಲಿ ಊರುಗೋಲುಗಳು. ಊರುಗೋಲು ಮರೆತವರು ಬಸ್ಸಿಳಿದು ಮನೆಗೆ ಹೇಗೆ ಹೋದರು ಎನ್ನುವುದು ಆ ನಿಲ್ದಾಣದವರೆಲ್ಲರ ಹಳೆಯ ಪ್ರಶ್ನೆ. ಇದುವರೆಗೆ ಯಾರಿಗೂ ಉತ್ತರ ಸಿಕ್ಕಿರಲಿಲ್ಲ.

ಗುರುತಮ್ಮ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಂಡಕ್ಟರುಗಳು ಇಟ್ಟದ್ದು. ಯಾರೇ ಬಂದು ಏನೇ ಕೇಳಲಿ, ಅವಳ ಬಾಯಿಂದ ಮೊದಲು ಬರುತ್ತಿದ್ದ ಮಾತು, “ಗುರುತು ಹೇಳಿ.” ಹಾಗಂತ ಅವಳು ಹುಟ್ಟಿದಾಗಿನಿಂದ ಇಷ್ಟು ಬಿಗಿ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮುದುಕರು ಬಂದು ಹಲ್ಲಿನ ಸೆಟ್ಟು ಬಸ್ಸಿನಲ್ಲಿ ಬಿಟ್ಟೆ ಅಂದರು. ಪಾಪ, ಮಾತು ಬೇರೆ ಸೋರಿಹೋಗುತ್ತಿದೆಯಲ್ಲ ಎಂದು ಇವಳು ಕನಿಕರದಿಂದ ಒಂದು ಸೆಟ್ಟು ತೆಗೆದು, “ಇದೇನಾ ತಾತ?” ಅಂದಳು. ತಾತ ಅದೇ ಅದೇ ಎಂದು ಅಲ್ಲೇ ಹಾಕಿಕೊಂಡು ಹೊರಟರು. ಮಾರನೆಯ ದಿನ ವಾಪಸು ಬಂದು, ಇದು ನನ್ನ ಬಾಯಲ್ಲಿ ಕೂತು ಬೇರೆ ಯಾರದೋ ಧ್ವನಿಯಲ್ಲಿ ಮಾತಾಡುತ್ತಿದೆಯಮ್ಮ ಎಂದು ಹಲಗೆಯ ಮೇಲಿಟ್ಟರು. ಅವರ ಹಿಂದೆಯೇ ಆ ಹಲ್ಲಿನ ನಿಜವಾದ ಯಜಮಾನ ಕೈಕಟ್ಟಿ ನಿಂತಿದ್ದ. ಅವತ್ತಿನಿಂದ ಗುರುತಮ್ಮ ಒಂದು ನಿಯಮ ಹಿಡಿದಳು: ವಸ್ತುವಿನ ವಿಷಯ ತನ್ನ ಬಾಯಿಂದ ಬರಬಾರದು, ಕೇಳಿಕೊಂಡು ಬಂದವರ ಬಾಯಿಂದಲೇ ಬರಬೇಕು. ಕಪ್ಪು ಕೊಡೆ ಅಂದರೆ ಗುರುತಲ್ಲ. ಕಪ್ಪು ಕೊಡೆ ಊರಿಗೆಲ್ಲ ಇದೆ. ಹಿಡಿಯ ಹತ್ತಿರ ಬೆಕ್ಕು ಪರಚಿದ ಗೆರೆ ಇದೆ ಅಂದರೆ ಅದು ಗುರುತು.

ಇಂಥ ಗುರುತಮ್ಮನಿಗೆ ಒಬ್ಬಳು ಮಗಳು. ತೊಟ್ಟಿಲಲ್ಲಿದ್ದಾಗಿನಿಂದ ಕೈಗೆ ಸಿಕ್ಕಿದ ಬಾಗಿಲಿನ ಚಿಲಕ ಎಳೆದು, ಹಾಕಿ, ಮತ್ತೆ ಎಳೆದು ನೋಡುತ್ತಿದ್ದಳು ಎಂದು ಅಜ್ಜಿ ಚಿಲಕ ಎಂದು ಕರೆದದ್ದು ಹಾಗೇ ಉಳಿದಿತ್ತು. ಅವಳ ಶಾಲೆ ನಿಲ್ದಾಣದ ಹಿಂದಿನ ರಸ್ತೆಯಲ್ಲೇ. ಶಾಲೆ ಬಿಟ್ಟೊಡನೆ ಅವಳು ಅರ್ಧ ಬಾಗಿಲ ಅಡಿಯಿಂದ ನುಸುಳಿ ಬಂದು, ಬೋರಲು ಹಾಕಿದ ತಗಡಿನ ಡಬ್ಬದ ಮೇಲೆ ಕೂತಳು ಅಂದರೆ ಮಾತು ಶುರು. ಈ ಕೈಗವಸಿನ ಯಜಮಾನ ಎಡಚ, ನೋಡು ಎಡಗೈದು ಮಾತ್ರ ಸವೆದಿದೆ. ಈ ಗಡಿಯಾರ ಹಿಂದೆ ಓಡ್ತಿದೆಯೋ, ಅಥವಾ ಇದನ್ನ ಹಾಕ್ಕೊಂಡೋರು ಬೇಗ ಬೇಗ ಓಡ್ತಿದ್ದರೋ? ಎಲ್ಲಾರೂ ಒಂದೊಂದು ಸಾಮಾನು ಕಳ್ಕೊಂಡು ಇನ್ನೊಬ್ಬರದನ್ನ ತಗೊಂಡು ಹೋದ್ರೆ ಯಾರಿಗೂ ಕಮ್ಮಿ ಆಗಲ್ಲ, ಅಲ್ವಾಮ್ಮಾ? ಗುರುತಮ್ಮ ಒಂದು ಕಿವಿ ಮಗಳಿಗೆ, ಒಂದು ಕಿವಿ ಹಲಗೆಗೆ ಕೊಟ್ಟು, ಹೂಂ ಹೂಂ ಅನ್ನುತ್ತ ಸಾಮಾನಿಗೆ ಚೀಟಿ ಕಟ್ಟುತ್ತಿದ್ದಳು. ಅರ್ಧ ಕೇಳಿಸುತ್ತಿತ್ತು, ಅರ್ಧ ಹಾಗೇ ಹೋಗುತ್ತಿತ್ತು. ಆದರೂ ಇಡೀ ದಿನದಲ್ಲಿ ಅವಳಿಗೆ ಅದೇ ಹಿತವಾದ ಹೊತ್ತು. ಅವಳು ಮಗಳಿಗೆ ಹಾಕಿದ್ದ ಕಟ್ಟಳೆ ಇಷ್ಟೇ: ಏನು ಬೇಕಾದರೂ ಮುಟ್ಟು, ಆದರೆ ಮೊದಲು ಇದ್ದ ಹಾಗೇ ವಾಪಸು ಇಡು. ಬೋರಲು ಇದ್ದದ್ದು ಬೋರಲೇ, ಗಂಟು ಇದ್ದದ್ದು ಗಂಟೇ.

ಹೀಗಿರುವಾಗ ಚಿಲಕಳ ಕ್ಲಾಸಿನ ಮಿಸ್ಸು ಒಂದು ದಿನ ಕೌಂಟರಿಗೇ ಬಂದರು. ಸೇತುವೆಯಾಚೆಯ ಶಾಲೆಯಲ್ಲಿ ಒಂದು ವಿಶೇಷ ತರಗತಿ ಇದೆ, ಊರಿನ ಎಲ್ಲ ಶಾಲೆಗಳಿಂದ ಬಹಳ ಚುರುಕಾದ ಕೆಲವು ಮಕ್ಕಳನ್ನು ಆರಿಸಿ ಅಲ್ಲಿ ಬೇರೆಯಾಗಿ ಕಲಿಸುತ್ತಾರೆ, ನಿಮ್ಮ ಮಗಳನ್ನು ಪರೀಕ್ಷೆಗೆ ಕಳಿಸಿ ಅಂದರು. ಕಳಿಸಿ ನೋಡುವುದರಲ್ಲಿ ತಪ್ಪೇನು ಎಂದು ಗುರುತಮ್ಮ ಒಪ್ಪಿದಳು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರು. ಒಂದು ಬೆಳಿಗ್ಗೆ ತನ್ನದೇ ಬಸ್ಸಿನಲ್ಲಿ ಮಗಳನ್ನು ಕೂರಿಸಿಕೊಂಡು ಹೋಗಿ ಬಿಟ್ಟು, ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕರೆತಂದ. ಹೇಗಿತ್ತು ಅಂದದ್ದಕ್ಕೆ ಚಿಲಕ, ಅಲ್ಲಿನ ನೀರಿನ ನಲ್ಲಿ ಕಾಲಲ್ಲಿ ಒತ್ತಿದರೆ ಬರುತ್ತದೆ ಎಂದು ಶುರುಮಾಡಿ ಮನೆಯವರ ತಲೆ ತಿಂದಳು. ಅದಾದ ಸ್ವಲ್ಪ ದಿನಕ್ಕೆ ಸುದ್ದಿ ಬಂತು: ಹುಡುಗಿ ಆಯ್ಕೆಯಾಗಿದ್ದಾಳೆ, ತಂದೆ ತಾಯಿ ಬಂದು ಮಾತಾಡಿ ಒಪ್ಪಿಗೆ ಕೊಡಬೇಕು.

ಅಲ್ಲಿಗೆ ಗುರುತಮ್ಮನ ನೆಮ್ಮದಿ ಹೋಯಿತು.

ಅವಳು ಮೊದಲೇ ಬೀಗ ಹಾಕಿದ ಮೇಲೆ ಬೀಗ ಜಗ್ಗಿ ನೋಡಿ, ಮೆಟ್ಟಿಲು ಇಳಿದು, ಮತ್ತೆ ಹತ್ತಿ ಜಗ್ಗುವವಳು. ಈಗ ಕೇಳಬೇಕೆ? ಕಳಿಸಿದರೆ ಮಗು ಅಷ್ಟೊಂದು ಜಾಣರ ನಡುವೆ ಕುಗ್ಗಿಹೋದರೆ? ಕಳಿಸದಿದ್ದರೆ, ದೊಡ್ಡವಳಾದ ಮೇಲೆ ‘ನೀನು ಯಾಕೆ ಕಳಿಸಲಿಲ್ಲ’ ಎಂದು ಕೇಳಿದರೆ? ಅಲ್ಲಿಗೆ ಹೋಗಿ ಕೊಬ್ಬು ಬಂದರೆ? ಇಲ್ಲೇ ಇದ್ದು ಮಂಕಾದರೆ? ಇವೆಲ್ಲದರ ಕೆಳಗೆ, ಯಾರಿಗೂ ಹೇಳಲಾಗದ ಇನ್ನೊಂದು ಇತ್ತು. ಸೇತುವೆಯಾಚೆಯ ಶಾಲೆ ಬಿಡುವುದು ಸಂಜೆಗೆ. ಆ ತಗಡಿನ ಡಬ್ಬ ಮಧ್ಯಾಹ್ನವೆಲ್ಲ ಖಾಲಿ ಇರುತ್ತದೆ.

ಕಂಡಕಂಡವರನ್ನೆಲ್ಲ ಕೇಳಿದಳು. ಟೀ ಅಂಗಡಿಯವನು ಕಳಿಸಿ ಅಂದ, ಅವನ ಹೆಂಡತಿ ಬೇಡ ಅಂದಳು. ಟೋಪಿ ಕಳೆದುಕೊಂಡು ಬಂದಿದ್ದ ಒಬ್ಬ ದೊಡ್ಡ ಮನುಷ್ಯರು ವಿಷಯ ಕೇಳಿ ಬಹಳ ಸಂತೋಷಪಟ್ಟರು. ತಾವೂ ಚಿಕ್ಕಂದಿನಲ್ಲಿ ಇಂಥದೇ ವಿಶೇಷ ತರಗತಿಯಲ್ಲಿ ಓದಿದವರು, ಕಣ್ಣು ಮುಚ್ಚಿಕೊಂಡು ಸೇರಿಸಿ, ಅದರಿಂದಲೇ ತಮ್ಮ ಬುದ್ಧಿ ಇಷ್ಟು ಹರಿತವಾದದ್ದು ಎಂದು ಹೇಳಿ, ಕೈಮುಗಿದು ಹೊರಟರು. ಟೋಪಿ ಹಲಗೆಯ ಮೇಲೇ ಉಳಿದಿತ್ತು.

ಮನೆಯಲ್ಲಿ ಅತ್ತೆ, ಸೊಸೆ, ಮಗ ಮೂವರೂ ಮೇಜಿನ ಸುತ್ತ ಕೂತು ಬಟಾಣಿ ಸುಲಿಯುತ್ತ ಈ ವಿಷಯವನ್ನೂ ಸುಲಿದರು. ಅತ್ತೆಗೆ ಇದರಲ್ಲಿ ಚರ್ಚೆಗೆ ಏನಿದೆ ಎಂದೇ ಗೊತ್ತಾಗಲಿಲ್ಲ. ನನ್ನ ಕನ್ನಡಕ ಎಲ್ಲಿದೆ ಅಂತ ದಿನಾ ಹೇಳೋಳು ಅವಳೇ, ಜಾಣೆ ಅಂತ ಕಂಡುಹಿಡಿಯೋಕೆ ಪರೀಕ್ಷೆ ಬೇರೆ ಮಾಡಿದರಾ ಎಂದು ಮೂಗು ಮುರಿದರು. ಡ್ರೈವರ್ ಗಂಡ ಬಟಾಣಿ ಬಾಯಿಗೆ ಎಸೆದುಕೊಳ್ಳುತ್ತ, “ನನ್ನ ಕೆಲಸ ಸ್ಟಾಪು ಬಂದಾಗ ಬಸ್ಸು ನಿಲ್ಲಿಸೋದು. ಹತ್ತೋದು ಇಳಿಯೋದು ಅವರವರ ಇಷ್ಟ,” ಅಂದ.

“ನೀವು ಹೀಗೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ್ರೆ ಆಯ್ತಾ? ಕಳಿಸೋಣ ಅಂತೀರೋ ಬೇಡ ಅಂತೀರೋ?”

“ನಮ್ಮನೆ ಮೇಡಂನೋರು ಏನಂತಾರೋ ಅದೇ,” ಅಂದ ಗಂಡ.

“ಬೆಳಿಗ್ಗೆ ಕಳಿಸೋಣ ಅಂತಾಳೆ, ಸಂಜೆ ಬೇಡ ಅಂತಾಳೆ,” ಎಂದರು ಅತ್ತೆ. “ಮಧ್ಯಾಹ್ನದ ಹೊತ್ತು ಕೇಳಿ ನೋಡು, ಅದೇ ನಿಜ ಇರಬಹುದು.”

ಗೊತ್ತುಮಾಡಿದ ದಿನ ಗಂಡಹೆಂಡಿರು ಇಬ್ಬರೂ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಸೇತುವೆಯಾಚೆಯ ಶಾಲೆಗೆ ಹೋದರು. ಕೋಣೆಯಲ್ಲಿ ಇದ್ದವೆಲ್ಲ ಮಕ್ಕಳ ಕುರ್ಚಿಗಳು. ಗಂಡ ಕೂತಾಗ ಮೊಣಕಾಲು ಗದ್ದಕ್ಕೆ ಬಂತು. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬಾಟಲಿಗಳಲ್ಲಿ ಹುರುಳಿಕಾಯಿ ಬೀಜಗಳು ಮೊಳಕೆ ಒಡೆದಿದ್ದವು. ಒಂದು ಬಾಟಲಿಯನ್ನು ಮಾತ್ರ ಯಾರೋ ತಲೆಕೆಳಗು ನೇತುಹಾಕಿದ್ದರು. ವಿಶೇಷ ತರಗತಿಯ ಮೇಡಂ ಬಹಳ ಎತ್ತರದ ಹೆಂಗಸು, ತೋಳಿನ ಮೇಲೆಲ್ಲ ಸೀಮೆಸುಣ್ಣದ ಪುಡಿ. ಇವರಿಗಾಗಿ ಟೀ ತರಿಸಿಟ್ಟಿದ್ದರು. ತಾವೂ ಅಂಥದೇ ಒಂದು ಪುಟ್ಟ ಕುರ್ಚಿಯಲ್ಲಿ ಮಡಚಿಕೊಂಡು ಕೂತು, ನಗುತ್ತ, “ನಿಮ್ಮ ಮಗಳ ಬಗ್ಗೆ ಹೇಳಿ. ಹೇಗೆ ಅವಳು?” ಎಂದು ಕೇಳಿದರು.

ಗಂಡ ಹುರುಪಿನಿಂದ, “ನಮ್ಮ ಹುಡುಗಿ ಅಂದ್ರೆ…” ಎಂದು ಬಾಯಿ ತೆರೆದ. ಮೇಜಿನ ಕೆಳಗೆ ಗುರುತಮ್ಮ ಅವನ ಕಾಲು ತುಳಿದಳು. ಬೇಕೆಂದು ಮಾಡಿದ್ದಲ್ಲ. ಎದುರಿಗೆ ಒಂದು ಮೇಜು, ಮೇಜಿನಾಚೆ ಒಬ್ಬರು ತನ್ನ ಹತ್ತಿರ ಇರುವುದನ್ನು ಕೇಳಿಕೊಂಡು ಕೂತಿದ್ದಾರೆ; ಇಷ್ಟು ವರ್ಷದ ಅಭ್ಯಾಸ ತಾನಾಗಿಯೇ ಎದ್ದು ನಿಂತಿತು.

“ನಾವು ಹೇಳಲ್ಲ ಮೇಡಂ. ನೀವು ಗುರುತು ಹೇಳಿ.”

ಮೇಡಂಗೆ ಅರ್ಥವಾಗಲಿಲ್ಲ. ಗುರುತಮ್ಮನ ಕಿವಿ ಕೆಂಪಾಯಿತು, ಆದರೆ ಆಡಿದ ಮಾತನ್ನು ನುಂಗುವುದು ಹೇಗೆ? ಗಂಡ ತಲೆ ಕೆರೆದುಕೊಂಡು, ಅವಳು ಕಳೆದುಹೋದ ವಸ್ತುಗಳ ಕೌಂಟರಿನಲ್ಲಿ ಇರೋದು, ಅವಳ ಕೆಲಸ ಹಾಗೆ, ಬೇಜಾರು ಮಾಡ್ಕೋಬೇಡಿ ಎಂದು ಸಮಜಾಯಿಷಿ ಹೇಳಿದ. ಗುರುತಮ್ಮ ತಗ್ಗಿದ ದನಿಯಲ್ಲಿ, ಆದರೆ ಪಟ್ಟು ಬಿಡದೆ, ನಾನು ಬಾಯಿಬಿಟ್ಟರೆ ನೀವು ಹೌದು ಹೌದು ಅನ್ನುತ್ತೀರಿ, ಆಗ ನಿಮಗೆ ಬೇಕಿರುವುದು ನಮ್ಮ ಹುಡುಗಿಯೇನಾ ಅಂತ ನನಗೆ ಗೊತ್ತಾಗುವುದಿಲ್ಲ ಎಂದಳು.

ಮೇಡಂ ಸಿಟ್ಟಾಗಲಿಲ್ಲ. ಆಟಕ್ಕೆ ಕರೆದ ಹಾಗೆ ನೆಟ್ಟಗೆ ಕೂತರು. “ಸರಿ. ನಿಮ್ಮ ಮಗಳು ತುಂಬ ಚುರುಕು. ಒಳ್ಳೆ ನೆನಪು. ಲೆಕ್ಕದಲ್ಲಿ ವಯಸ್ಸಿಗಿಂತ ಮುಂದಿದ್ದಾಳೆ.”

“ಅದು ಕಪ್ಪು ಕೊಡೆ, ಮೇಡಂ,” ಅಂದಳು ಗುರುತಮ್ಮ.

ಗಂಡ ಅದನ್ನೂ ಬಿಡಿಸಿ ಹೇಳಬೇಕಾಯಿತು. ಮೇಡಂ ಜೋರಾಗಿ ನಕ್ಕು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕಿಟಕಿಯ ಬಾಟಲಿಗಳ ಕಡೆ ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು. ಪರೀಕ್ಷೆಯ ದಿನ ಪ್ರತಿ ಮಗುವಿಗೂ ಒಂದು ಪೆಟ್ಟಿಗೆಯ ತುಂಬ ಮರದ ತುಂಡುಗಳನ್ನು ಕೊಟ್ಟು ಒಂದು ಆಕಾರ ಜೋಡಿಸಲು ಹೇಳಿದ್ದರಂತೆ. ಜೋಡಿಸಿದವರೆಲ್ಲ ಕೈ ಎತ್ತಿ ತೋರಿಸಿದರು. ಈ ಹುಡುಗಿಯೂ ತೋರಿಸಿದಳು. ತೋರಿಸಿದ ಮೇಲೆ ಅದನ್ನು ಬಿಚ್ಚಿ, ಒಂದೊಂದೇ ತುಂಡನ್ನು ಪೆಟ್ಟಿಗೆಗೆ ಮೊದಲು ಹೇಗಿತ್ತೋ ಹಾಗೇ, ಬೋರಲು ಇದ್ದದ್ದನ್ನು ಬೋರಲಾಗಿ, ಅಡ್ಡ ಬಿದ್ದಿದ್ದನ್ನು ಅಡ್ಡವಾಗಿ ಇಟ್ಟಳು. ಯಾಕಮ್ಮ ಅಂದದ್ದಕ್ಕೆ, ಮುಂದಿನವರಿಗೂ ಅಷ್ಟೇ ಕಷ್ಟ ಇರಬೇಕಲ್ಲ ಅಂದಳಂತೆ.

ಗುರುತಮ್ಮನ ಎದೆ ಉಬ್ಬಿತು. ಅದನ್ನು ತೋರಿಸಿಕೊಳ್ಳದೆ, ಮುಂದಕ್ಕೆ ಹೇಳಿ ಎನ್ನುವ ಹಾಗೆ ತಲೆಯಾಡಿಸಿದಳು.

“ಇನ್ನೊಂದು,” ಎಂದರು ಮೇಡಂ. “ಅವಳು ಮಾತಾಡೋದಿಲ್ಲ. ಇಡೀ ಬೆಳಿಗ್ಗೆ ಅವಳು ಆಡಿದ್ದು ಆ ಒಂದೇ ಮಾತು. ಇಷ್ಟು ಮೌನದ ಮಗುವನ್ನ ನಾನು ಬಹಳ ದಿನದಿಂದ ನೋಡಿರಲಿಲ್ಲ.”

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಚಿಲಕ ಮಾತಾಡುವುದಿಲ್ಲವೆ? ಹಲ್ಲು ಕೀಳಿಸಿಕೊಂಡು ಬಂದ ದಿನ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಆಸ್ಪತ್ರೆಯಿಂದ ಮನೆಯ ತನಕ ಮಾತಾಡಿಕೊಂಡು ಬಂದವಳು ಅವಳು. ನಿದ್ದೆಯಲ್ಲೂ ಮಾತಾಡುತ್ತಾಳೆ, ಅದೂ ಪ್ರಶ್ನೆಗಳು.

ಗುರುತಮ್ಮ ಕೈಚೀಲ ಎತ್ತಿಕೊಂಡು ಎದ್ದಳು. “ತಾಳೆ ಆಗ್ತಿಲ್ಲ ಮೇಡಂ. ಪೆಟ್ಟಿಗೆ ಜೋಡಿಸಿದವಳು ನಮ್ಮವಳೇ. ಮಾತಾಡದೆ ಇರೋಳು ನಮ್ಮವಳಲ್ಲ. ನಿಮ್ಮಲ್ಲಿ ಇಬ್ಬರು ಹುಡುಗೀರು ಬೆರೆತುಹೋಗಿದ್ದಾರೆ. ನಮ್ಮಲ್ಲೂ ಆಗುತ್ತೆ, ಒಂದೇ ಥರದ ಚೀಲಗಳಿದ್ದಾಗ.”

“ಇರಬಹುದು,” ಎಂದರು ಮೇಡಂ, ಕನ್ನಡಕ ಹಾಕಿಕೊಳ್ಳುತ್ತ. “ನೀವು ಮನೆಗೆ ಹೋಗಿ ಇನ್ನೊಮ್ಮೆ ನೋಡಿ ಬನ್ನಿ. ಶುಕ್ರವಾರದ ತನಕ ನಾನು ಕಾಯ್ತೀನಿ.”

ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಆ ಬಸ್ಸಿನ ಡ್ರೈವರನ ಬ್ರೇಕಿನ ಬಗ್ಗೆ ಗೊಣಗುತ್ತಿದ್ದ. ಗುರುತಮ್ಮ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ತಲೆಯ ಮೇಲಿನ ಹೊರೆ ಇಳಿದಂತಾಗಿತ್ತು. ಅವರಿಗೆ ಬೇಕಾಗಿದ್ದವಳು ಬೇರೆ ಯಾರೋ, ತನ್ನ ಮಗಳು ತನ್ನ ಡಬ್ಬದ ಮೇಲೇ ಇರುತ್ತಾಳೆ. ತೀರ್ಮಾನ ತಾನಾಗಿಯೇ ಆಗಿಹೋಯಿತಲ್ಲ. ಮನೆಗೆ ಬಂದು ಪಾತ್ರೆ ತೊಳೆಯುತ್ತ ಅವಳಿಗೆ ಗೊತ್ತಿಲ್ಲದೆಯೇ ಹಾಡು ಬಂತು.

ಅತ್ತೆ ಬಾಗಿಲಲ್ಲಿ ಬಂದು ನಿಂತರು. ಎಲ್ಲ ಕೇಳಿಕೊಂಡರು. ಆಮೇಲೆ, “ಮಗು ಪಾಸಾಯ್ತು ಅಂದ ದಿನ ನೀನು ಹೀಗೆ ಹಾಡಿರಲಿಲ್ಲ ಕಣೇ,” ಎಂದು ಹೇಳಿ ತಮ್ಮ ಕನ್ನಡಕ ಹುಡುಕಿಕೊಂಡು ಹೋದರು.

ಹಾಡು ಅಲ್ಲಿಗೇ ನಿಂತಿತು. ಅತ್ತೆಯ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಕೈಯಲ್ಲಿದ್ದ ತಟ್ಟೆಯನ್ನು ಎಷ್ಟು ಉಜ್ಜಿದರೂ ಗುರುತಮ್ಮನಿಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ಅವಳ ನಿಯಮದಲ್ಲಿ ಇನ್ನೊಂದು ಭಾಗವಿತ್ತು, ಅದನ್ನು ಅವಳು ಇವತ್ತು ಅನುಕೂಲಕ್ಕೆ ಮರೆತಿದ್ದಳು. ಕೇಳಿಕೊಂಡು ಬಂದವರು ನಿನಗೆ ಗೊತ್ತಿಲ್ಲದ ಗುರುತು ಹೇಳಿದರೆ, ಇಲ್ಲ ಅನ್ನಬೇಡ, ತೆಗೆದು ನೋಡು. ಹಿಂದೊಮ್ಮೆ ಒಬ್ಬಾಕೆ ಕೋಟಿನ ಒಳಮಡಿಕೆಯಲ್ಲಿ ಹಸಿರು ಗುಂಡಿ ಹೊಲಿದಿದೆ ಅಂದಿದ್ದಳು. ಇಲ್ಲವೇ ಇಲ್ಲ, ನಾನೇ ಮಡಿಸಿಟ್ಟ ಕೋಟು ಅದು ಎಂದು ಗುರುತಮ್ಮ ವಾದಿಸಿದ್ದಳು. ತೆಗೆದು ನೋಡಿದರೆ ಹಸಿರು ಗುಂಡಿ ಇತ್ತು. ತಾನೇ ಮಡಿಸಿಟ್ಟದ್ದು ಎನ್ನುವುದು ಒಳಗನ್ನು ನೋಡಿದ ಹಾಗಲ್ಲ ಎಂದು ಅವತ್ತು ನಾಲಿಗೆ ಕಚ್ಚಿಕೊಂಡಿದ್ದಳು.

ಮಾರನೆಯ ದಿನ ಹಲಗೆಯ ಮೇಲೆ ‘ಈಗ ಬರುತ್ತೇನೆ’ ಎಂಬ ಬೋರ್ಡು ಇಟ್ಟು ಗುರುತಮ್ಮ ಹಿಂದಿನ ರಸ್ತೆಯ ಶಾಲೆಗೆ ನಡೆದಳು. ಅಲ್ಲಿನ ಕಾವಲುಗಾರನಿಗೆ ಅವಳು ಗೊತ್ತು. ಅವನ ಟಾರ್ಚು ಒಮ್ಮೆ ಅವಳ ಕಪಾಟಿನಲ್ಲಿ ಸಿಕ್ಕಿತ್ತು. ಓಣಿಯ ಕೊನೆಯ ಕಿಟಕಿಯ ಪಕ್ಕ ನಿಂತು, ಕಳ್ಳಿಯ ಹಾಗೆ ಅರ್ಧ ಮುಖ ಮಾತ್ರ ಇಣುಕಿಸಿ ನೋಡಿದಳು.

ಮಿಸ್ಸು ಬೋರ್ಡಿನ ಮೇಲೆ ಏನೋ ಬರೆದು ಒಂದು ಪ್ರಶ್ನೆ ಕೇಳಿದರು. ಅಲ್ಲಲ್ಲಿ ಕೈಗಳು ಎದ್ದವು. ಚಿಲಕಳ ಕೈ ಅರ್ಧ ಎದ್ದಿತು. ಯಾರೋ ಹಿಂದಕ್ಕೆ ಎಳೆದ ಹಾಗೆ ವಾಪಸು ಬಂದು ಪೆನ್ಸಿಲು ಹಿಡಿದುಕೊಂಡಿತು. ಮಿಸ್ಸು ಅವಳ ಕಡೆ ಪ್ರೀತಿಯಿಂದಲೇ ನೋಡಿ, ತಡಿ ಎನ್ನುವಂತೆ ಕೈ ತೋರಿಸಿ ಬೇರೆಯವರನ್ನು ಕೇಳಿದರು. ಬೇರೆಯವರು ತಪ್ಪು ಹೇಳಿದರು. ಇನ್ನೊಬ್ಬರು ಹೇಳಿದರು, ಮತ್ತೊಬ್ಬರು ಹೇಳಿದರು. ಅಷ್ಟು ಹೊತ್ತೂ ಚಿಲಕ ತುಟಿ ಒತ್ತಿಕೊಂಡು ಕೂತಿದ್ದಳು. ಬಿಡುವಿನಲ್ಲಿ ಅಂಗಳದಲ್ಲಿ ಹುಡುಗಿಯರು ಹಗ್ಗ ಜಿಗಿಯುತ್ತಿದ್ದಾಗ ಇವಳು ಒಂದು ತುದಿಯಲ್ಲಿ ಹಗ್ಗ ತಿರುಗಿಸುತ್ತ ನಿಂತಿದ್ದಳು, ಆಗಲೂ ಮಾತಿಲ್ಲ. ಯಾರೂ ಅವಳನ್ನು ಗೋಳು ಹೊಯ್ದುಕೊಳ್ಳುತ್ತಿರಲಿಲ್ಲ. ಅವಳ ಮುಖದಲ್ಲಿ ಅಳುವೂ ಇರಲಿಲ್ಲ. ಆದರೆ ಆ ನಿಂತ ಭಂಗಿಯನ್ನು ಗುರುತಮ್ಮ ದಿನವೂ ನೋಡುತ್ತಿದ್ದಳು. ಕಪಾಟಿನಲ್ಲಿ ಚೀಟಿ ಕಟ್ಟಿಸಿಕೊಂಡ ಸಾಮಾನುಗಳು ಹೀಗೇ ಇರುತ್ತವೆ. ಅಚ್ಚುಕಟ್ಟಾಗಿ, ಯಾರಿಗೂ ತೊಂದರೆ ಕೊಡದೆ, ಯಾರಾದರೂ ಬರುತ್ತಾರೆ ಎಂದುಕೊಂಡು.

ಹಸಿರು ಗುಂಡಿ ಇತ್ತು.

ಅವತ್ತು ಮಧ್ಯಾಹ್ನ ಅರ್ಧ ಬಾಗಿಲ ಅಡಿಯಿಂದ ಮಾತು ಮೊದಲು ಬಂತು, ಮಗಳು ಆಮೇಲೆ ಬಂದಳು. ಡಬ್ಬದ ಮೇಲೆ ಕೂರುವ ಮೊದಲೇ ಅವಳು ಹಗ್ಗದ ಅಲೆ ನಡುವಿನಲ್ಲಿ ಯಾಕೆ ದೊಡ್ಡದು, ತುದಿಯಲ್ಲಿ ಯಾಕೆ ಇಲ್ಲ ಎನ್ನುವಲ್ಲಿಗೆ ಬಂದಿದ್ದಳು. ಗುರುತಮ್ಮ ಚೀಟಿ, ದಾರ, ಪೆನ್ನು ಎಲ್ಲ ಪಕ್ಕಕ್ಕೆ ಸರಿಸಿ, ಎರಡು ಕಿವಿಯನ್ನೂ ಕೊಟ್ಟು ಕೇಳಿದಳು. ಉಸಿರಿಗೆ ನಿಂತಾಗ ಕೇಳಿದಳು, “ಶಾಲೇಲಿ ಯಾಕೆ ಮಾತಾಡಲ್ಲ ಮಗಾ ನೀನು?”

ಚಿಲಕಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಅಲ್ಲಿ ಸರದಿ ಇರುತ್ತಲ್ಲಮ್ಮಾ. ನಾನು ಬೇಗ ಹೇಳಿಬಿಟ್ರೆ ಬೇರೆಯವರ ಸರದಿ ಹಾಳಾಗುತ್ತೆ. ಮಿಸ್ಸು ಪಾಪ, ನೀನು ಆಮೇಲೆ ಹೇಳು ಅಂತಾರೆ. ಆಮೇಲೆ ಬೆಲ್ ಆಗುತ್ತೆ.”

“ಮತ್ತೆ ಹೇಳಬೇಕು ಅನ್ನಿಸಿದ್ದೆಲ್ಲ ಏನು ಮಾಡ್ತೀಯ?”

“ಇಟ್ಕೊಂಡಿರ್ತೀನಿ. ಇಲ್ಲಿಗೆ ತರ್ತೀನಿ,” ಅಂದಳು ಚಿಲಕ. “ನೀನು ಎಲ್ಲಾ ಇಟ್ಕೊಳ್ತೀಯಲ್ಲ.”

ಗುರುತಮ್ಮ ಬಗ್ಗಿ ಡ್ರಮ್ಮಿನಲ್ಲಿದ್ದ ಕೊಡೆಗಳನ್ನು ಸುಮ್ಮನೆ ಸರಿಪಡಿಸಿದಳು. ಇಷ್ಟು ದಿನ ಆ ಮಧ್ಯಾಹ್ನಗಳನ್ನು ತನ್ನ ಸ್ವಂತದ್ದು ಎಂದುಕೊಂಡಿದ್ದಳು. ಈಗ ನೋಡಿದರೆ, ಮಗಳ ಆ ಮಾತೆಲ್ಲ ಬೇರೆ ಕಡೆ ಇಳಿಸಬೇಕಾಗಿದ್ದ ಸಾಮಾನು. ಅಲ್ಲಿ ಯಾರೂ ತೆಗೆದುಕೊಳ್ಳದೆ ಇವಳ ಕೌಂಟರಿಗೆ ಬಂದು ಬೀಳುತ್ತಿತ್ತು. ಅದರಲ್ಲೂ ಅರ್ಧವನ್ನು ತಾನು ಹೂಂ ಹೂಂ ಎಂದು ನೆಲಕ್ಕೆ ಚೆಲ್ಲಿದ್ದಳು. ಮನಸ್ಸಿಗೆ ನೋವಾಯಿತು. ಆದರೆ ಗೊಂದಲ ಇಳಿದಿತ್ತು, ಅದು ಅವಳಿಗೇ ಆಶ್ಚರ್ಯ.

ಆ ಸೇತುವೆಯಾಚೆಯ ಶಾಲೆಗೆ ಹೋಗೋಕೆ ಇಷ್ಟವಾ ಎಂದು ಕೇಳಿದಳು. ಇದನ್ನು ಮನೆಯಲ್ಲಿ ಇಷ್ಟು ಜನ ಸೇರಿ ಬಟಾಣಿ ಸುಲಿದರೂ ಯಾರೂ ಕೇಳಿರಲಿಲ್ಲ. ಚಿಲಕ ಬಹಳ ಯೋಚಿಸಿದಳು. ಪರೀಕ್ಷೆಯ ದಿನ ಅಲ್ಲಿ ಒಬ್ಬ ಹುಡುಗಿ ಕಿಟಕಿಯ ಬಾಟಲಿಯೊಂದನ್ನು ತಲೆಕೆಳಗು ನೇತುಹಾಕಿ, ಇದರ ಬೇರು ಈಗ ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಾಗುತ್ತಾ ನೋಡೋಣ ಅಂದಳಂತೆ. “ನಂಗೆ ಒಂದು ಉತ್ತರ ಗೊತ್ತಿತ್ತು. ಅವಳಿಗೆ ಹೇಳೋ ಅಷ್ಟರಲ್ಲಿ ಅಪ್ಪ ಹಾರನ್ ಹೊಡೆದ,” ಎಂದಳು. ಆಮೇಲೆ, ಬಹಳ ಮುಖ್ಯವಾದ ಷರತ್ತಿನಂತೆ, “ನಾನು ಹೋದ್ರೂ ಈ ಡಬ್ಬ ಯಾರಿಗೂ ಕೊಡಬಾರದು,” ಎಂದಳು.

“ಗುರುತು ಹೇಳಿದವರಿಗೆ ಮಾತ್ರ ಕೊಡೋದು,” ಎಂದಳು ಗುರುತಮ್ಮ.

ಶುಕ್ರವಾರ ಅವಳು ಒಬ್ಬಳೇ ಸೇತುವೆ ದಾಟಿ ಹೋದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು: ಮಕ್ಕಳು ಬೆರೆತುಹೋಗಿದ್ದಾರೆ ಅಂದದ್ದು ತಪ್ಪಾಯಿತು, ನನ್ನ ಮಗಳನ್ನು ನಾನೇ ಪೂರ್ತಿ ನೋಡಿರಲಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಬಾಗಿಲಲ್ಲಿ ಎತ್ತರದ ಮೇಡಂ ಅವರನ್ನು ಕಂಡೊಡನೆ ಅದೆಲ್ಲ ಗಾಳಿಗೆ ಹೋಯಿತು.

“ಗುರುತು ಸರಿಯಾಗಿದೆ ಮೇಡಂ,” ಎಂದಷ್ಟೇ ಹೇಳಿದಳು.

ಮೇಡಂ ಕೆಲಸ ಬಿಟ್ಟು ಎದ್ದು ಬಂದರು. “ಅಂದ್ರೆ ಕೊಡ್ತೀರಾ? ಸಹಿ ಎಲ್ಲಿ ಹಾಕಬೇಕು ಹೇಳಿ, ಹಾಕ್ತೀನಿ.”

“ಸಹಿ ಬೇಡ. ಸಂಜೆ ವಾಪಸು ಬಂದ್ರೆ ಸಾಕು,” ಎಂದಳು ಗುರುತಮ್ಮ. ಹೊರಡುವವಳು ತಿರುಗಿ ನಿಂತು, ಇನ್ನೂ ಒಂದು ಎಚ್ಚರಿಕೆ ಹೇಳಿದಳು: ಅವಳು ಮಾತಾಡದ ಹುಡುಗಿ ಅಂತ ನೀವು ಅಂದುಕೊಂಡಿದ್ದೀರಿ, ಸ್ವಲ್ಪ ದಿನ ತಡೆಯಿರಿ, ಆಮೇಲೆ ವಾಪಸು ತಗೊಳ್ಳಿ ಅಂತ ನಮ್ಮ ಕೌಂಟರಿಗೆ ಬರಬೇಡಿ.

ಹೀಗೆ ಚಿಲಕ ಸೇತುವೆಯಾಚೆ ಹೋದಳು. ಮೊದಲ ವಾರ ಗುರುತಮ್ಮ ದಿನವೂ ಮಧ್ಯಾಹ್ನ ಖಾಲಿ ಡಬ್ಬದ ಕಡೆ ನೋಡಿ, ಅಭ್ಯಾಸಬಲದಿಂದ ಹೂಂ ಅಂದು, ತಾನೇ ನಾಚಿಕೊಂಡಳು. ಟೀ ಅಂಗಡಿಯವನ ಹೆಂಡತಿ, ನಾನು ಹೇಳಿದ್ದೆ ನೋಡು ಎನ್ನುವ ಮುಖ ಮಾಡಿದಳು. ಟೀ ಅಂಗಡಿಯವನೂ ಅದೇ ಮುಖ ಮಾಡಿದ. ಟೋಪಿಯ ದೊಡ್ಡ ಮನುಷ್ಯರು ಟೋಪಿಗಾಗಿ ಮತ್ತೆ ಬಂದು, ಸೇರಿಸಿದಿರಾ, ಒಳ್ಳೆಯದಾಯಿತು ಎಂದು ಅಭಿನಂದಿಸಿ, ಈ ಸಲ ಟೋಪಿ ತೆಗೆದುಕೊಂಡು ಕೊಡೆ ಬಿಟ್ಟುಹೋದರು. ಕಪ್ಪು ಕೊಡೆ. ಗುರುತಮ್ಮ ಅದರ ಹಿಡಿಗೆ ಚೀಟಿ ಕಟ್ಟುವಾಗ ಬಹಳ ದಿನದ ಮೇಲೆ ಒಬ್ಬಳೇ ನಕ್ಕಳು.

ಸಂಜೆ ಚಿಲಕ ಅಪ್ಪನ ಬಸ್ಸಿನಲ್ಲಿ ನಿಲ್ದಾಣಕ್ಕೆ ಬಂದಿಳಿಯುತ್ತಿದ್ದಳು. ಬಂದವಳೇ ಡಬ್ಬದ ಮೇಲೆ ಕೂತು ಬಿಸ್ಕತ್ತು ಕಡಿಯುವಳು. ಮಾತು ಕಡಿಮೆ. ಮನೆಯಲ್ಲಿ ಅತ್ತೆಯ ಕಿವಿಗೆ ಹಿತ ಅನ್ನಿಸಿತೇನೋ ನಿಜ, ಆದರೆ ಅವರೂ ಎರಡೇ ದಿನಕ್ಕೆ, ಈ ಮನೆ ಯಾಕೆ ರೇಡಿಯೋ ಕೆಟ್ಟ ಹಾಗಿದೆ ಎಂದು ಶುರುಮಾಡಿದರು. ಗುರುತಮ್ಮನಿಗೆ ಹಳೆಯ ಕಳವಳ ತಲೆ ಎತ್ತಿತು. ಕುಗ್ಗಿದಳೇ? ಯಾರಾದರೂ ಏನಾದರೂ ಅಂದರೇ? ಒಂದು ಸಂಜೆ ತಡೆಯಲಾರದೆ ಸ್ಟೂಲಿನಿಂದ ಇಳಿದು ಮಗಳ ಎದುರು ನೆಲದ ಮೇಲೆ ಕೂತಳು.

“ಏನಾಯ್ತು ಇವತ್ತು ಶಾಲೇಲಿ? ಹೇಳು.”

ಚಿಲಕ ಬಿಸ್ಕತ್ತು ನುಂಗಿ, ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. “ಗುರುತು ಹೇಳು, ಕೊಡ್ತೀನಿ.”

“ಇವತ್ತು… ಲೆಕ್ಕ ಚೆನ್ನಾಗಿ ಮಾಡಿದೀಯ.”

“ಅದು ಕಪ್ಪು ಕೊಡೆ, ಅಮ್ಮಾ.”

ಗುರುತಮ್ಮ ಹೊಸ ಸಾಮಾನು ಬಂದಾಗ ನೋಡುವ ಹಾಗೆ, ಅವಸರವಿಲ್ಲದೆ ಮಗಳನ್ನು ನೋಡಿದಳು. ಅಂಗಿಯ ತೋಳಿನ ಮೇಲೆ ಸೀಮೆಸುಣ್ಣ, ಅಂದರೆ ಬೋರ್ಡಿನ ಹತ್ತಿರ ಹೋಗಿದ್ದಾಳೆ. ಜಡೆ ಬಿಚ್ಚಿದೆ, ಯೋಚಿಸುವಾಗ ಎಳೆದುಕೊಂಡದ್ದು. ದನಿ ಒರಟಾಗಿದೆ. ಕೆನ್ನೆ ಕೆಂಪಗಿದೆ.

“ಗಂಟಲು ಕಟ್ಟಿದೆ ನಿಂದು. ಆ ಬಾಟಲಿ ನೇತುಹಾಕಿದ ಹುಡುಗಿ ಜೊತೆ ಇಡೀ ದಿನ ವಾದ ಮಾಡಿದೀಯ. ಸೋತಿದೀಯ. ಸೋತರೂ ಖುಷಿಯಾಗಿದೀಯ.”

ಚಿಲಕಳ ಬಾಯಿ ತೆರೆದುಕೊಂಡಿತು. “ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ. ತೆಗೆದು ನೋಡಿದೆ.”

“ಪೂರ್ತಿ ಸೋತಿಲ್ಲ,” ಎಂದಳು ಚಿಲಕ, ಡಬ್ಬದ ತುದಿಗೆ ಸರಿದು. “ನಾಳೆಗೆ ಇನ್ನೊಂದು ಇದೆ ನನ್ನ ಹತ್ರ. ಕೇಳು. ಬೇರಿಗೆ ಕಣ್ಣಿಲ್ಲ ಅಲ್ವಾ, ಆದ್ರೆ…”

ಹೊರಗೆ ಯಾರೋ ಹಲಗೆಯನ್ನು ಬೆರಳಿನಿಂದ ತಟ್ಟಿ, ಅಮ್ಮಾ, ನನ್ನ ಕೊಡೆ ಎಂದರು.

“ಸ್ವಲ್ಪ ಇರಿ,” ಎಂದಳು ಗುರುತಮ್ಮ, ನೆಲದಿಂದ ಏಳದೆಯೇ. “ಇಲ್ಲೊಂದು ಸಾಮಾನು ಬಂದಿದೆ. ತಗೊಳ್ತಾ ಇದೀನಿ.”